ಚೂರು ಸಾಲದು ಅಂದರು

ಪ್ರಶ್ನೆ: ನಮ್ಮದು ಲಕ್ಷ್ಮೇಶ್ವರ ಹತ್ತಿರದ ಹಳ್ಳಿ. ಅಪ್ಪಗೆ ಅರವತ್ತು ದಾಟಿದೆ. ಬೀಡಿ, ಸಿಗರೇಟು, ಗುಟ್ಕಾ ಯಾವ ಚಟವೂ ಇಲ್ಲ; ಹೊಲ, ಮನೆ, ಶ್ರಾವಣದಲ್ಲಿ ಭಜನೆ, ಅಷ್ಟೇ. ಹೋದ ವರ್ಷ ಕೆಮ್ಮು ಹತ್ತಿತು. ಕಫದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೂ ಎಕ್ಸ್‌ರೇ ನೋಡಿ ಟಿ.ಬಿ. ಗುಳಿಗೆ ಕೊಟ್ಟರು. ತಿಂಗಳುಗಟ್ಟಲೆ ನುಂಗಿದರೂ ಕೆಮ್ಮು ನಿಲ್ಲಲಿಲ್ಲ, ಮೈ ಇಳಿಯಿತು. ಹುಬ್ಬಳ್ಳಿಗೆ ಹೋಗಿ ಸಿ.ಟಿ. ಮಾಡಿಸಿ, ಸೂಜಿ ಹಾಕಿ ಚೂರು ತೆಗೆಸಿದೆವು. ‘ಅಡಿನೋಕಾರ್ಸಿನೋಮಾ’ ಎಂದು ಬಂತು. ಕಿಮೋ ಶುರು ಮಾಡುವ ಮೊದಲು ಜೀನ್ ಪರೀಕ್ಷೆ ಆಗಲಿ, ಅದರಲ್ಲಿ ಏನಾದರೂ ಸಿಕ್ಕರೆ ಗುಳಿಗೆ ಕೊಡಬಹುದು ಅಂದರು. ಹಣ ಕಟ್ಟಿದೆವು. ಕಾದು ಕಾದು ಕೊನೆಗೆ ಬಂದದ್ದು ‘ಮಾದರಿ ಸಾಲದು, ಪರೀಕ್ಷೆ ಸಾಧ್ಯವಾಗಿಲ್ಲ’ ಎಂಬ ಕಾಗದ. ಈಗ ಮತ್ತೆ ಸೂಜಿ ಹಾಕಬೇಕಂತೆ. ಶಿರಹಟ್ಟಿಯ ಕಾಕಾ, ‘ಗಡ್ಡಿಗೆ ಸೂಜಿ ಚುಚ್ಚಿದರ ಮೈತುಂಬ ಹರಡತೈತಿ, ಒಮ್ಮೆ ಚುಚ್ಚಿಸಿದ್ದ ತಪ್ಪು’ ಅನ್ನುತ್ತಾರೆ. ಅಣ್ಣ, ಇದೆಲ್ಲ ದುಡ್ಡು ಕೀಳುವ ಆಟ ಎಂದು ಆಸ್ಪತ್ರೆಯವರ ಮೇಲೆ ಜಗಳಕ್ಕೆ ನಿಂತಿದ್ದಾನೆ. ಅಪ್ಪಗೆ ರೋಗದ ಹೆಸರು ಹೇಳಿಲ್ಲ, ‘ಎದಿಯೊಳಗ ಗಂಟು ಐತಿ’ ಅಂತಷ್ಟೇ ಹೇಳೀವಿ. ಕಾಗದ ಹಿಡಿದು ಓಡಾಡುವವಳು ನಾನೊಬ್ಬಳೇ. ಏನು ಮಾಡಲಿ?
— ಹೆಸರು ಬೇಡ, ಲಕ್ಷ್ಮೇಶ್ವರ ತಾಲ್ಲೂಕು

ಉತ್ತರ: ತಂಗಿ, ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಅಪ್ಪನ ಮೈ ತಾಳುತ್ತದೆ ಎಂದು ಡಾಕ್ಟರು ಹೇಳಿದರೆ ಎರಡನೆಯ ಸೂಜಿಗೆ ಹಿಂಜರಿಯಬೇಡಿ. ಆದರೆ ಸೂಜಿಗೆ ಮುಂಚೆ ಕೇಳಬೇಕಾದ ಮಾತುಗಳಿವೆ. ಅವನ್ನು ಕೇಳಿದರೆ ಸೂಜಿಯೇ ಬೇಡವಾಗಬಹುದು; ಬೇಕಾದರೂ, ಈ ಸಲದ ಚೂರಿಗೆ ಹೋದ ಸಲದ ಗತಿ ಬರುವುದು ತಪ್ಪೀತು.

ನೀವು ಕಳಿಸಿದ ರಿಪೋರ್ಟಿನ ಫೋಟೊಗಳನ್ನು ಒಂದೊಂದಾಗಿ ಓದಿದೆ. ಅಪ್ಪನ ಚೂರು ಎಲ್ಲಿ ಹೋಯಿತು ಎಂಬ ಲೆಕ್ಕ ಅದರಲ್ಲೇ ಇದೆ. ಸೂಜಿಯಿಂದ ಬಂದದ್ದು ಎರಡು ಎಳೆ. ಇಂಥ ಎಳೆ ಒಂದು ಮಿಲಿಮೀಟರಿನಷ್ಟೂ ದಪ್ಪ ಇರುವುದಿಲ್ಲ, ಉದ್ದ ಒಂದೋ ಒಂದೂವರೆಯೋ ಸೆಂಟಿಮೀಟರ್. ಅದರಲ್ಲಿ ಒಂದನ್ನು ಸಲೈನ್ ನೀರಿನಲ್ಲಿ ಹಾಕಿ ಟಿ.ಬಿ. ಪರೀಕ್ಷೆಗೆ ಕಳಿಸಿದ್ದಾರೆ. ಉಳಿದದ್ದು ಫಾರ್ಮಲಿನ್‌ಗೆ ಹೋಗಿ, ಮೇಣದ ಬ್ಲಾಕ್ ಆಗಿದೆ. ಆ ಬ್ಲಾಕಿನಿಂದ ಮೊದಲು ಸಾದಾ ಬಣ್ಣದ ಸ್ಲೈಡು. ಆಮೇಲೆ ಇದು ಶ್ವಾಸಕೋಶದ್ದೇ, ಬೇರೆ ಕಡೆಯಿಂದ ಬಂದದ್ದೇ ಎಂದು ತಿಳಿಯಲು ಎಂಟು ಬಗೆಯ ಬಣ್ಣದ ಪರೀಕ್ಷೆ. ಅದಾದ ಮೇಲೆ ಬ್ಲಾಕ್ ಇನ್ನೊಂದು ಲ್ಯಾಬಿಗೆ ಹೋಗಿ ಪಿಡಿ-ಎಲ್1 ಎಂಬ ಪರೀಕ್ಷೆ. ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ಹೆಚ್ಚು ಚೂರು ಬೇಡುವ ಜೀನ್ ಪರೀಕ್ಷೆ.

ಒಂದೊಂದು ಸ್ಲೈಡಿಗೆ ಬೇಕಾಗುವುದು ಬಹಳ ತೆಳುವಾದ ಪದರ, ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲಿನಷ್ಟು. ಹಾಗಾದರೆ ಹತ್ತಾರು ಸ್ಲೈಡು ಆಗಬೇಕಲ್ಲ ಎಂದು ನೀವು ಕೇಳಬಹುದು. ಗದಗಿನ ಕಡೆಯವರಿಗೆ ಪ್ರೆಸ್ಸಿನ ಕೆಲಸ ಗೊತ್ತೇ ಇದೆ: ಕಾಗದದ ಕಟ್ಟನ್ನು ಕಟಿಂಗ್ ಮಷಿನ್ನಿಗೆ ಇಟ್ಟಾಗಲೆಲ್ಲ ಅಂಚು ಸಮ ಮಾಡಲು ಒಂದಿಷ್ಟು ಕತ್ತರಿಸಿ ಚೆಲ್ಲಲೇಬೇಕು. ಬ್ಲಾಕಿನದೂ ಅದೇ ಪಾಡು. ಒಮ್ಮೆ ಇಳಿಸಿಟ್ಟದ್ದನ್ನು ಮತ್ತೆ ಯಂತ್ರಕ್ಕೆ ಕೂರಿಸಿದರೆ, ಮುಖ ಸಮ ಆಗುವ ತನಕದ ಪದರಗಳೆಲ್ಲ ದಂಡ. ನಿಮ್ಮ ಅಪ್ಪನ ಬ್ಲಾಕನ್ನು ಮೂರು ಸಲ ಬೇರೆ ಬೇರೆ ಯಂತ್ರಕ್ಕೆ ಏರಿಸಿ ಇಳಿಸಿದ್ದಾರೆ. ಕೊನೆಯ ಲ್ಯಾಬಿಗೆ ತಲುಪಿದಾಗ ಮೇಣ ಉಳಿದಿತ್ತು, ಮಾಂಸ ಉಳಿದಿರಲಿಲ್ಲ.

ಆ ಕೊನೆಯ ಕಾಗದದಲ್ಲಿ ಸಣ್ಣ ಅಕ್ಷರದ ಇನ್ನೊಂದು ಸಾಲಿದೆ, ಅಣ್ಣಗೆ ಅದನ್ನು ಓದಿ ಹೇಳಿ. ಚೂರಿನಲ್ಲಿ ಗಡ್ಡೆಯ ಜೀವಕೋಶಗಳ ಪ್ರಮಾಣವೂ ಕಡಿಮೆ ಇತ್ತಂತೆ. ಹಲವು ಜೀನ್‌ಗಳನ್ನು ಒಟ್ಟಿಗೆ ನೋಡುವ ಎನ್‌ಜಿಎಸ್ ಪರೀಕ್ಷೆಗೆ, ಲ್ಯಾಬಿನಿಂದ ಲ್ಯಾಬಿಗೆ ಕೊಂಚ ಹೆಚ್ಚುಕಡಿಮೆಯಾದರೂ, ಚೂರಿನಲ್ಲಿ ನೂರಕ್ಕೆ ಸುಮಾರು 20 ಪಾಲಾದರೂ ಕ್ಯಾನ್ಸರ್ ಜೀವಕೋಶ ಇರಲಿ ಎಂದು ಕೇಳುತ್ತಾರೆ. ಪಿಡಿ-ಎಲ್1ಗೆ ಕಡೇ ಪಕ್ಷ 100 ಜೀವಂತ ಕ್ಯಾನ್ಸರ್ ಜೀವಕೋಶಗಳು ಎಣಿಕೆಗೆ ಸಿಗಬೇಕು. ಗಡ್ಡೆಯೆಂದರೆ ಇಡಿಯಾಗಿ ಕ್ಯಾನ್ಸರೇ ಅಲ್ಲ. ಸತ್ತ ಭಾಗ, ನಾರು, ಊತ, ರಕ್ತ ಎಲ್ಲ ಸೇರಿರುತ್ತದೆ. ಸೂಜಿ ಅಂಥ ಕಡೆ ಹೊಕ್ಕರೆ ಎಳೆ ಉದ್ದವಾಗಿ ಬಂದೂ ಕೆಲಸಕ್ಕೆ ಬಾರದು. ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ ಇದು ಆಗುತ್ತದೆ. ‘ಸಾಲದು’ ಎಂದು ಬರೆದುಕೊಟ್ಟ ಲ್ಯಾಬು ನಿಮಗೆ ಮೋಸ ಮಾಡಿಲ್ಲ. ಸಾಲದ ಚೂರಿನ ಮೇಲೆ ಪರೀಕ್ಷೆ ಮಾಡಿ ‘ಏನೂ ಇಲ್ಲ’ ಎಂದು ಬರೆದಿದ್ದರೆ ಅದು ಮೋಸಕ್ಕಿಂತ ಕೆಟ್ಟದ್ದಾಗುತ್ತಿತ್ತು.

ಹಾಗಾದರೆ ತಪ್ಪು ಎಲ್ಲಿ? ನನಗೆ ಕಾಣುವುದು ಒಂದೇ ಕಡೆ. ಚೂರಿನ ಜೊತೆ ಹೋದ ಫಾರ್ಮಿನಲ್ಲಿ ‘ಬಲ ಶ್ವಾಸಕೋಶದ ಗಂಟು, ಟಿ.ಬಿ.?’ ಎಂದಷ್ಟೇ ಬರೆದಿದೆ. ಬರೆದವರನ್ನು ದೂರಲಾರೆ. ನಮ್ಮ ಕಡೆ ಟಿ.ಬಿ. ಎಷ್ಟಿದೆಯೆಂದರೆ ಅದನ್ನು ಮೊದಲು ನೆನೆಯದ ಡಾಕ್ಟರೇ ತಪ್ಪಿತಸ್ಥರಾದಾರು. ಆದರೆ ‘ಕ್ಯಾನ್ಸರ್ ಅನುಮಾನವಿದೆ, ಜೀನ್ ಪರೀಕ್ಷೆಗೆ ಚೂರು ಉಳಿಸಿ’ ಎಂಬ ಒಂದು ಸಾಲು ಅಲ್ಲಿ ಇದ್ದಿದ್ದರೆ ಪೆಥಾಲಜಿಯವರ ಕೈ ಬಿಗಿಯಾಗುತ್ತಿತ್ತು. ಶ್ವಾಸಕೋಶದ ಕ್ಯಾನ್ಸರನ್ನು ವರ್ಗೀಕರಿಸುವ ಅಂತಾರಾಷ್ಟ್ರೀಯ ಕ್ರಮ 2011ರಲ್ಲಿ ಹೊಸದಾದಾಗಲೇ ಈ ಮಾತು ಬಂದಿದೆ: ಸಣ್ಣ ಚೂರಿನ ಮೇಲೆ ಬಣ್ಣದ ಪರೀಕ್ಷೆ ಮಿತವಾಗಿರಲಿ, ಉಳಿದದ್ದು ಜೀನ್ ಪರೀಕ್ಷೆಗೆ ಇರಲಿ. ಬಹಳಷ್ಟು ಸಲ ಟಿಟಿಎಫ್-1, ಪಿ40 ಎಂಬ ಎರಡೇ ಸಾಕಾಗುತ್ತವೆ. ಎಂಟು ಮಾಡಿದವರು ಕೆಟ್ಟ ಕೆಲಸ ಮಾಡಿದರೆಂದಲ್ಲ, ಮುಂದೆ ಏನು ಬೇಕಾಗುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಬೆಂಗಳೂರಿನ ಕಿದ್ವಾಯಿ, ಮುಂಬೈಯ ಟಾಟಾದಂಥ ಕಡೆ ಸೂಜಿ ಹಾಕುವವರು, ಸ್ಲೈಡು ನೋಡುವವರು, ಔಷಧ ಬರೆಯುವವರು ಒಂದು ಕೋಣೆಯಲ್ಲಿ ಕೂತು ಒಬ್ಬ ರೋಗಿಯ ಬಗ್ಗೆ ಮಾತಾಡಿಕೊಳ್ಳುವ ಪದ್ಧತಿ ಇದೆ. ನಮ್ಮಲ್ಲಿ ಸ್ಕ್ಯಾನ್ ಒಂದು ಬೀದಿ, ಲ್ಯಾಬು ಇನ್ನೊಂದು ಊರು, ಜೀನ್ ಪರೀಕ್ಷೆ ಮೂರನೆಯ ಊರು. ಈ ಮೂವರನ್ನೂ ಕಂಡು ಬಂದವರು ಯಾರು? ಕಾಗದದ ಚೀಲ ಹಿಡಿದ ನೀವು. ಒಬ್ಬಳೇ ಓಡಾಡುತ್ತೇನೆಂದು ನೊಂದುಕೊಂಡು ಬರೆದಿದ್ದೀರಿ, ನ್ಯಾಯವೇ. ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ತಲುಪಿಸಬಲ್ಲವರು ಸದ್ಯಕ್ಕೆ ನೀವೊಬ್ಬರೇ. ವೈದ್ಯಕೀಯ ಭಾಷೆ ಬರುವುದಿಲ್ಲ ಎಂದು ಸಂಕೋಚಪಡಬೇಡಿ. ‘ಹೋದ ಸಲ ಚೂರು ಸಾಲಲಿಲ್ಲ ಅಂದ್ರು, ಈ ಸಲ ಜೀನ್ ಪರೀಕ್ಷೆಗೆ ಅಂತನ ತೆಗೀರಿ, ಫಾರ್ಮಿನಾಗ ಬರೀರಿ’ — ಇಷ್ಟು ಸಾಕು.

ಇಷ್ಟೆಲ್ಲ ಹೆಣಗುವುದು ಯಾಕೆ, ಸೀದಾ ಕಿಮೋ ಶುರು ಮಾಡಬಾರದೇ ಎಂದು ಮನೆಯಲ್ಲಿ ಕೇಳುತ್ತಾರೆ. ಇಜಿಎಫ್‌ಆರ್ ಎಂಬ ಜೀನಿನಲ್ಲಿ ಕೆಲವು ನಿರ್ದಿಷ್ಟ ಬದಲಾವಣೆ ಇದ್ದವರಿಗೆ ಗೆಫಿಟಿನಿಬ್ ಗುಳಿಗೆ ಚೆನ್ನಾಗಿ ನಾಟುತ್ತದೆ ಎಂದು ಅಮೆರಿಕದ ಬಾಸ್ಟನ್ನಿನ ವೈದ್ಯರು ಕಂಡುಹಿಡಿದದ್ದು 2004ರಲ್ಲಿ. ಬಿಳಿಯರಿಗಿಂತ ಏಷ್ಯಾದವರಲ್ಲಿ ಈ ಬದಲಾವಣೆ ಹೆಚ್ಚು. ಭಾರತದಲ್ಲಿ ಶ್ವಾಸಕೋಶದ ಅಡಿನೋಕಾರ್ಸಿನೋಮಾ ಇರುವವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಇರುತ್ತದೆ, ತಂಬಾಕು ಮುಟ್ಟದವರಲ್ಲಿ ಇನ್ನೂ ಹೆಚ್ಚು. ನಿಮ್ಮ ಅಪ್ಪ ಆ ಗುಂಪಿನವರು. ಎಎಲ್‌ಕೆ ಎಂಬ ಇನ್ನೊಂದು ಬದಲಾವಣೆ ನೂರರಲ್ಲಿ ನಾಲ್ಕೈದು ಜನರಿಗಷ್ಟೇ ಇದ್ದರೂ, ಇದ್ದವರಿಗೆ ಅದರ ಗುಳಿಗೆಯಿಂದ ವರ್ಷಗಳ ಬದುಕು ಸಿಕ್ಕಿದೆ. ಗೆಫಿಟಿನಿಬ್ ಈಗ ನಮ್ಮ ದೇಶದಲ್ಲೇ ತಯಾರಾಗುತ್ತದೆ, ತಿಂಗಳಿಗೆ ಕೆಲವೇ ಸಾವಿರ ರೂಪಾಯಿ. ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ವನಿತಾ ನೊರೊನ್ಹಾ, ಡಾ. ಕುಮಾರ್ ಪ್ರಭಾಷ್ ಅವರ ತಂಡ ಇಜಿಎಫ್‌ಆರ್ ಬದಲಾವಣೆ ಇದ್ದ 350 ರೋಗಿಗಳ ಮೇಲೆ ಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ: ಗುಳಿಗೆ ಮಾತ್ರ ಕೊಟ್ಟವರಲ್ಲಿ ರೋಗ ಹತೋಟಿಯಲ್ಲಿದ್ದದ್ದು ಸುಮಾರು 8 ತಿಂಗಳು, ಅದೇ ಗುಳಿಗೆಯ ಜೊತೆ ಕಿಮೋ ಕೂಡ ಕೊಟ್ಟವರಲ್ಲಿ 16 ತಿಂಗಳು. ಮೈಗೆ ಸುಸ್ತು ಹೆಚ್ಚು, ನಿಜ. ಒಸಿಮರ್ಟಿನಿಬ್ ಎಂಬ ಹೊಸ ಗುಳಿಗೆ ಇನ್ನೂ ಒಳ್ಳೆಯದು, ಆದರೆ ದುಬಾರಿ. 2024ರ ಕೇಂದ್ರ ಬಜೆಟ್ ಅದರ ಮೇಲಿನ ಆಮದು ಸುಂಕ ತೆಗೆದದ್ದರಿಂದ ಕೊಂಚ ಇಳಿದಿದೆ, ಬಡವರ ಕೈಗೆ ಎಟುಕುವಷ್ಟು ಇಳಿದಿಲ್ಲ. ಎಲ್ಲರಿಗೂ ಬದಲಾವಣೆ ಸಿಗುವುದಿಲ್ಲ ಎಂಬುದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸಿಗದಿದ್ದರೆ ಕಿಮೋ ದಾರಿ ಇದ್ದೇ ಇದೆ, ಆಗ ಗೊತ್ತಿದ್ದು ಹಿಡಿದ ದಾರಿ ಆಗುತ್ತದೆ.

ಇನ್ನು ಕಾಕಾ ಹೇಳಿದ ಮಾತು. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಬೀಜ ಬೀಳುವುದು ಸುಳ್ಳಲ್ಲ, ಆದರೆ ಶ್ವಾಸಕೋಶದ ಸೂಜಿಯಲ್ಲಿ ಅದು ಸಾವಿರಕ್ಕೆ ಒಬ್ಬರಿಗಿಂತಲೂ ಕಡಿಮೆ. ಹರಡಿದ ಮೇಲೆ ಪತ್ತೆಯಾಗುವವರೇ ನಮ್ಮ ಕಡೆ ಹೆಚ್ಚು. ಸೂಜಿ ಹಾಕಿದ ಮೇಲೆ ರೋಗ ಬಲಿಯುವುದನ್ನು ಊರವರು ನೋಡುತ್ತಾರೆ, ಎರಡನ್ನೂ ಗಂಟು ಹಾಕುತ್ತಾರೆ. ಕಾಕಾ ಹೆದರಬೇಕಾದ ನಿಜವಾದ ಅಪಾಯ ಬೇರೆ: ಶ್ವಾಸಕೋಶದ ಸುತ್ತ ಗಾಳಿ ಸೋರುವುದು. ನೂರರಲ್ಲಿ 15ರಿಂದ 25 ಜನರಿಗೆ ಒಂದಿಷ್ಟು ಗಾಳಿ ಸೋರುತ್ತದೆ, ಹೆಚ್ಚಿನವರಿಗೆ ತಾನಾಗಿಯೇ ಸರಿಹೋಗುತ್ತದೆ, ಐದಾರು ಜನರಿಗೆ ನಳಿಕೆ ಹಾಕಬೇಕಾಗುತ್ತದೆ. ಕಫದಲ್ಲಿ ರಕ್ತವೂ ಬರಬಹುದು. ಅದಕ್ಕೇ ಸೂಜಿ ಹಾಕಿದ ದಿನ ಸಂಜೆ ಬಸ್ಸಿಗೆ ಊರಿಗೆ ಹೊರಡುವ ಅವಸರ ಮಾಡಬೇಡಿ. ಆ ರಾತ್ರಿ ಹುಬ್ಬಳ್ಳಿಯಲ್ಲೇ ಇರಿ.

ಈಗ ಸೂಜಿಗೆ ಮುಂಚಿನ ಮಾತು. ಅಪ್ಪನ ಎದೆಯಲ್ಲಿ ನೀರು ತುಂಬಿದೆಯೇ ಕೇಳಿ. ನೀವು ಕಳಿಸಿದ ಸಿ.ಟಿ. ರಿಪೋರ್ಟಿನಲ್ಲಿ ‘ಸ್ವಲ್ಪ ದ್ರವ’ ಎಂದಿದೆ. ಅಳತೆಗೆ ಸಿಗುವಷ್ಟಿದ್ದರೆ ಆ ನೀರನ್ನು ತೆಗೆದು, ತಿರುಗಿಸಿ, ತಳದಲ್ಲಿ ಕೂತ ಜೀವಕೋಶಗಳನ್ನು ಮೇಣದಲ್ಲಿ ಹಿಡಿದರೆ ‘ಸೆಲ್ ಬ್ಲಾಕ್’ ಆಗುತ್ತದೆ. ಕ್ಯಾನ್ಸರ್ ಜೀವಕೋಶ ಚೆನ್ನಾಗಿ ಸಿಕ್ಕರೆ ಜೀನ್ ಪರೀಕ್ಷೆ ಅದರ ಮೇಲೆಯೇ ನಡೆಯುತ್ತದೆ. ಚಮಚದಷ್ಟು ಕಳಿಸಿ ಉಳಿದದ್ದನ್ನು ಚೆಲ್ಲುವುದುಂಟು. ಹಾಗಾಗದಿರಲಿ, ಹೆಚ್ಚು ಕಳಿಸಲಿ. ಕುತ್ತಿಗೆಯಲ್ಲಿ, ಕಾಲರ್ ಮೂಳೆಯ ಮೇಲೆ ಗಂಟು ಕೈಗೆ ಸಿಗುತ್ತದೆಯೇ ಎಂಬುದನ್ನೂ ಡಾಕ್ಟರಿಗೆ ನೆನಪಿಸಿ. ಅಲ್ಲಿಂದ ಚೂರು ತೆಗೆಯುವುದು ಎದೆಯಿಂದ ತೆಗೆಯುವುದಕ್ಕಿಂತ ಸುಲಭ, ಗಾಳಿ ಸೋರುವ ಭಯವಿಲ್ಲ. ಇಂಥದ್ದಕ್ಕೆ ಹುಬ್ಬಳ್ಳಿಯ ತನಕವೂ ಹೋಗಬೇಕೆಂದಿಲ್ಲ, ಗದಗಿನ ಜಿಮ್ಸ್‌ನಂಥ ವೈದ್ಯಕೀಯ ಕಾಲೇಜಿನಲ್ಲಿ ಮೊದಲು ಕೇಳಿ ನೋಡಿ. ಮೊದಲ ಸಲ ಸ್ಲೈಡಿನ ಮೇಲೆ ಸವರಿದ ಜೀವಕೋಶಗಳು ಉಳಿದಿದ್ದರೆ ಕೆಲವು ಲ್ಯಾಬುಗಳು ಅವನ್ನೂ ಬಳಸಬಲ್ಲವು.

ರಕ್ತದಿಂದಲೂ ನೋಡಬಹುದು. ಗಡ್ಡೆಯ ಜೀನಿನ ತುಣುಕುಗಳು ರಕ್ತದಲ್ಲಿ ತೇಲುತ್ತಿರುತ್ತವೆ. ಇಜಿಎಫ್‌ಆರ್ ಬದಲಾವಣೆಯನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಕರು 2016ರಲ್ಲೇ ಒಪ್ಪಿಗೆ ಕೊಟ್ಟಿದ್ದಾರೆ, ಇಲ್ಲಿಯೂ ಲ್ಯಾಬುಗಳು ಮಾಡುತ್ತವೆ. ಇದರಲ್ಲಿ ‘ಇದೆ’ ಎಂದು ಬಂದರೆ ನಂಬಬಹುದು, ಸೂಜಿ ತಪ್ಪಿತು. ‘ಇಲ್ಲ’ ಎಂದು ಬಂದರೆ ನಂಬಿ ಕೂರುವಂತಿಲ್ಲ. ಗಡ್ಡೆ ರಕ್ತಕ್ಕೆ ಸಾಕಷ್ಟು ಬಿಡದೆಯೂ ಇರಬಹುದು. ಆಗ ಚೂರೇ ಬೇಕು. ಅಪ್ಪನ ದಮ್ಮು ಜೋರಾಗಿದ್ದು ಸೂಜಿ ಮುಂದೆ ಹೋಗುವಂತಿದ್ದರೆ ರಕ್ತದಿಂದ ಶುರು ಮಾಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ, ನಿಮ್ಮ ಡಾಕ್ಟರನ್ನು ಕೇಳಿ ನಿರ್ಧರಿಸಿ.

ಸೂಜಿ ಹಾಕುವ ದಿನ ಬಂದರೆ ಹೇಳಬೇಕಾದದ್ದು ಇಷ್ಟು. ಅಪಾಯವಿಲ್ಲದಿದ್ದರೆ ಎರಡರ ಬದಲು ನಾಲ್ಕೈದು ಎಳೆ ತೆಗೆಯಲಿ. ಟಿ.ಬಿ. ಅನುಮಾನ ಇನ್ನೂ ಇದ್ದರೆ ಅದಕ್ಕೆ ಬೇರೆಯೇ ಎಳೆ ಇರಲಿ, ಕ್ಯಾನ್ಸರಿನ ಪಾಲಿನಿಂದ ಬೇಡ. ಎಳೆಗಳನ್ನೆಲ್ಲ ಒಂದೇ ಬ್ಲಾಕಿನಲ್ಲಿ ಹೂಳದೆ ಎರಡು ಬ್ಲಾಕ್ ಮಾಡಲಿ, ಒಂದನ್ನು ಮುಟ್ಟದೆ ಇಡಲಿ. ಬ್ಲಾಕನ್ನು ಮೊದಲ ಸಲ ಕತ್ತರಿಸುವಾಗಲೇ ಮುಂದೆ ಬೇಕಾಗುವ ಬಿಳಿ ಸ್ಲೈಡುಗಳನ್ನೂ ಒಟ್ಟಿಗೆ ಕತ್ತರಿಸಿಡಲಿ. ರೋಗ ಯಾವುದೆಂದು ಈಗಾಗಲೇ ಗೊತ್ತಿರುವುದರಿಂದ ಬಣ್ಣದ ಪರೀಕ್ಷೆಗಳನ್ನು ಮತ್ತೆ ಮೊದಲಿನಿಂದ ಮಾಡುವ ಅಗತ್ಯವಿರದು; ಹಳೆಯ ರಿಪೋರ್ಟನ್ನು ಹೊಸ ಫಾರ್ಮಿಗೆ ಪಿನ್ ಹಾಕಿ ಕೊಡಿ. ಚೂರು ಮತ್ತೆ ಸಣ್ಣದೇ ಬಂದರೆ ಯಾವ ಪರೀಕ್ಷೆ ಮೊದಲು ಎಂದು ಡಾಕ್ಟರು ಬರೆದುಕೊಡಲಿ. ಮೂಳೆಯಿಂದ ಚೂರು ತೆಗೆಯುವ ಮಾತು ಬಂದರೆ ಮಾತ್ರ ಒಂದು ಎಚ್ಚರ: ಮೂಳೆ ಮೆದುವಾಗಲು ಆಮ್ಲದಲ್ಲಿ ಇಟ್ಟರೆ ಜೀನು ಹಾಳಾಗುತ್ತದೆ, ಇಡಿಟಿಎ ಎಂಬ ದ್ರಾವಣ ಬಳಸಿ ಎಂದು ಕೇಳಿಕೊಳ್ಳಬೇಕು.

ನಡುವೆ ಮುಂಡರಗಿಯ ಓದುಗರೊಬ್ಬರಿಗೂ ಇಲ್ಲೇ ಉತ್ತರಿಸುತ್ತೇನೆ, ಅವರ ಸಂಕಟ ಇದರ ತಿರುವುಮುರುವು. ಅವರ ಮನೆಯವರ ಸ್ತನದ ಗಂಟನ್ನು ಶನಿವಾರ ಪೂರ್ತಿ ತೆಗೆದಿದ್ದಾರೆ. ಚೂರಲ್ಲ, ನಿಂಬೆ ಗಾತ್ರದ ಗಂಟು. ಅದು ಸಣ್ಣ ಡಬ್ಬಿಯಲ್ಲಿ ಇಡಿಯಾಗಿ ಕೂತು, ಲ್ಯಾಬು ಸೇರಿದ್ದು ಬುಧವಾರ. ಯಾವ ಔಷಧ ಹತ್ತುತ್ತದೆಂದು ತಿಳಿಸುವ ‘ಹರ್2’ ಪರೀಕ್ಷೆ 2+ ಎಂದು ಸಂದಿಗ್ಧವಾಗಿ ಬಂತು, ಖಚಿತಪಡಿಸುವ ಫಿಶ್ ಪರೀಕ್ಷೆ ಓದಲು ಬರಲಿಲ್ಲ. ಇಷ್ಟು ದೊಡ್ಡ ಗಂಟಿದ್ದೂ ಯಾಕೆ ಹೀಗೆ ಎಂದು ಕೇಳಿದ್ದಾರೆ. ಫಾರ್ಮಲಿನ್ ಗಂಟಿನೊಳಗೆ ಇಳಿಯುವುದು ಗಂಟೆಗೆ ಸುಮಾರು ಒಂದು ಮಿಲಿಮೀಟರ್. ಸೀಳದೆ ಮುಳುಗಿಸಿದ ಗಂಟಿನ ನಡುಭಾಗ ಕೆಡುತ್ತಲೇ ಇರುತ್ತದೆ, ಅಂಚು ಅತಿಯಾಗಿ ನೆನೆಯುತ್ತದೆ. ಸ್ತನದ ಈ ಪರೀಕ್ಷೆಗಳಿಗೆ ನಿಯಮವೆಂದರೆ ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್, ಅದೂ ಗಂಟಿನ ಹತ್ತು ಪಟ್ಟಾದರೂ. ನೆನೆಯುವುದು 6 ಗಂಟೆಗಿಂತ ಕಡಿಮೆಯಲ್ಲ, 72 ಗಂಟೆಗಿಂತ ಹೆಚ್ಚಲ್ಲ. ಸರಿಯಾಗಿ ಇಟ್ಟ ಎಳೆಯೊಂದು ಹೀಗೆ ಇಟ್ಟ ಗಂಟಿಗಿಂತ ಮೇಲು. ಆಪರೇಷನ್ನಿಗೆ ಮೊದಲು ಸೂಜಿಯಿಂದ ತೆಗೆದ ಚೂರು ಇದೆ ಎಂದು ಅವರ ಪತ್ರದಿಂದ ತಿಳಿಯುತ್ತದೆ. ಫಿಶ್ ಪರೀಕ್ಷೆಯನ್ನು ಆ ಬ್ಲಾಕಿನ ಮೇಲೆ ಮಾಡಲು ಕೇಳಿ. ಸ್ತನ ಕ್ಯಾನ್ಸರಿನಲ್ಲಿ ನೂರಕ್ಕೆ 15–20 ಜನ ಹರ್2 ಪಾಸಿಟಿವ್ ಇರುವವರು. ಅವರಿಗೆ ಬೇಕಾದ ಟ್ರಾಸ್ಟುಜುಮಾಬ್ ಇಂಜೆಕ್ಷನ್ನಿನ ದೇಶೀ ರೂಪವನ್ನು ಬೆಂಗಳೂರಿನ ಬಯೋಕಾನ್ 2014ರಲ್ಲಿ ಮಾರುಕಟ್ಟೆಗೆ ತಂದ ಮೇಲೆ ಬೆಲೆ ಇಳಿದಿದೆ. ಬಿಟ್ಟುಬಿಡುವ ಪರೀಕ್ಷೆ ಅಲ್ಲ ಅದು.

ಲಕ್ಷ್ಮೇಶ್ವರಕ್ಕೆ ಮರಳುತ್ತೇನೆ. ಫಲಿತಾಂಶಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. ಅಪ್ಪ ತಡೆದುಕೊಳ್ಳುವಂತಿದ್ದರೆ ಕಾಯಿರಿ. ಉಸಿರಿಗೆ ತ್ರಾಸಾದರೆ ಕಿಮೋ ಒಂದು ಸುತ್ತು ಶುರು ಮಾಡುವುದು ತಪ್ಪಲ್ಲ, ಜೀನು ಸಿಕ್ಕ ಮೇಲೆ ಗುಳಿಗೆಗೆ ಬದಲಾಯಿಸಬಹುದು. ಆದರೆ ‘ಪಿಡಿ-ಎಲ್1 ಬಂದಿದೆ, ಇಮ್ಯುನೋಥೆರಪಿ ಇಂಜೆಕ್ಷನ್ ಹಾಕೋಣ’ ಎಂದು ಯಾರಾದರೂ ಅವಸರ ಮಾಡಿದರೆ, ಇಜಿಎಫ್‌ಆರ್, ಎಎಲ್‌ಕೆ ಗೊತ್ತಾಗುವ ತನಕ ತಡೆಯಬಹುದೇ ಎಂದು ಕೇಳಿ. ಆ ಬದಲಾವಣೆ ಇದ್ದವರಿಗೆ ಇಂಥ ಇಂಜೆಕ್ಷನ್ ಅಷ್ಟಾಗಿ ಹತ್ತುವುದಿಲ್ಲ, ಅದರ ಬೆನ್ನಿಗೇ ಒಸಿಮರ್ಟಿನಿಬ್ ಕೊಟ್ಟರೆ ಶ್ವಾಸಕೋಶದ ಉರಿಯೂತದ ಅಪಾಯ ಹೆಚ್ಚು. ಲಕ್ಷಾಂತರ ರೂಪಾಯಿಯ ಮಾತು ಬೇರೆ.

ನೀವು ಪತ್ರದ ಕೊನೆಯಲ್ಲಿ ಸರಿಸಿಬಿಟ್ಟ ವಿಷಯ, ಅಪ್ಪಗೆ ರೋಗದ ಹೆಸರು ಹೇಳದಿರುವುದು, ಅದೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಎರಡನೆಯ ಸೂಜಿಗೆ ಅಪ್ಪನ ಸಹಿ ಬೇಕು. ಎಲ್ಲ ಸರಿಯಿದ್ದರೆ ಮೊದಲ ಸಲ ತೆಗೆದ ಚೂರು ಸಾಲದೇ, ಮತ್ತೆ ಯಾಕೆ ಚುಚ್ಚುತ್ತಾರೆ ಎಂದು ಆ ಮನುಷ್ಯ ರಾತ್ರಿ ಲೆಕ್ಕ ಹಾಕದೆ ಇರುತ್ತಾರೆಯೇ? ಮಳೆ ಕೈಕೊಟ್ಟ ವರ್ಷಗಳನ್ನೂ ಉಳ್ಳಾಗಡ್ಡಿ ದರ ಬಿದ್ದ ವರ್ಷಗಳನ್ನೂ ಕಂಡವರು, ಕೆಟ್ಟ ಸುದ್ದಿ ಕೇಳಲಾರದವರಲ್ಲ. ಕಾಕಾ, ಅಣ್ಣ ಇಬ್ಬರೂ ಅಪ್ಪನ ಪರವಾಗಿ ಜಗಳವಾಡುತ್ತಿದ್ದಾರೆ, ಅಪ್ಪನನ್ನು ಕೇಳದೆಯೇ. ಮನೆಯಲ್ಲಿ ಗದ್ದಲವಿಲ್ಲದ ಹೊತ್ತು ನೋಡಿ ಕೂತು ಹೇಳಿ: ‘ಅಪ್ಪಾ, ಗಂಟಿನ ಚೂರು ನೋಡ್ಯಾರ, ಕ್ಯಾನ್ಸರ್ ಅಂತ ಬಂದೈತಿ. ಯಾವ ಔಷಧ ಹತ್ತತೈತಿ ಅಂತ ತಿಳಿಯಾಕ ಇನ್ನೊಂದು ಚೂರು ಬೇಕಂತ. ನೀ ಏನಂತಿ?’ ಅಷ್ಟು ಹೇಳಿ ಸುಮ್ಮನಿರಿ. ಅವರು ಎಷ್ಟು ಕೇಳುತ್ತಾರೋ ಅಷ್ಟಕ್ಕೆ ಉತ್ತರ ಕೊಡಿ. ಬೇಡ ಅಂದರೆ ಅದೂ ಅವರ ಹಕ್ಕು. ಆಗ ರಕ್ತ ಪರೀಕ್ಷೆಯ ದಾರಿ ಕೇಳಿ. ಹೇಳುವ ಧೈರ್ಯ ಬಾರದಿದ್ದರೆ ಡಾಕ್ಟರ ಎದುರು ಅಪ್ಪನನ್ನೂ ಕೂರಿಸಿ, ಹೊರಗೆ ಬೆಂಚಿನ ಮೇಲೆ ಬಿಟ್ಟು ಒಳಗೆ ಹೋಗಬೇಡಿ.

ಹಣದ ಬಗ್ಗೆ ಎರಡು ಮಾತು. ಕಟ್ಟಿದ ಹಣ ಹೊಸ ಚೂರಿಗೆ ನಡೆಯುತ್ತದೆಯೇ ಎಂದು ಲ್ಯಾಬನ್ನು ಕೇಳಿ, ಪರೀಕ್ಷೆಯೇ ಆಗಿಲ್ಲವಾದ್ದರಿಂದ ಕೇಳುವ ನ್ಯಾಯ ನಿಮಗಿದೆ; ಅಣ್ಣನ ಸಿಟ್ಟಿಗೆ ಈ ಕೆಲಸ ಒಪ್ಪಿಸಿ. ಔಷಧ ಕಂಪನಿಗಳ ನೆರವಿನಲ್ಲಿ ಕೆಲವು ಜೀನ್ ಪರೀಕ್ಷೆ ಉಚಿತವಾಗಿ ಆಗುವುದೂ ಉಂಟು, ಡಾಕ್ಟರು ಬಲ್ಲರು. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ನೆರವಿದೆ. ಯಾವುದು ಅದರೊಳಗೆ ಬರುತ್ತದೆ, ಯಾವುದು ಬಾರದು ಎಂದು ಆಸ್ಪತ್ರೆಯಲ್ಲಿ ಕೂರುವ ಆರೋಗ್ಯಮಿತ್ರರನ್ನು ಸೂಜಿಗೆ ಮೊದಲೇ ವಿಚಾರಿಸಿ.

ಮತ್ತೆ, ಆಸ್ಪತ್ರೆ ಬದಲಿಸುವುದಾದರೆ ಬರೀ ರಿಪೋರ್ಟು ಒಯ್ಯಬೇಡಿ. ಬ್ಲಾಕು, ಸ್ಲೈಡು ಎರಡನ್ನೂ ಅರ್ಜಿ ಕೊಟ್ಟು ಪಡೆಯಿರಿ. ದಾಖಲೆಯ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನಡವಳಿಕೆಯ 2002ರ ನಿಯಮಗಳೇ ಹೇಳುತ್ತವೆ. ಮೇಣ ಕರಗುವುದು 56–60 ಡಿಗ್ರಿಯ ಆಸುಪಾಸಿನಲ್ಲಿ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಗಾಜಿನ ಹಿಂದೆಯೋ ಬೈಕಿನ ಡಬ್ಬಿಯಲ್ಲೋ ಅಷ್ಟು ಕಾವು ಏರಬಹುದು, ಆದ್ದರಿಂದ ಬ್ಲಾಕನ್ನು ಕೈಚೀಲದಲ್ಲಿ ನಿಮ್ಮ ಜೊತೆಗೇ ಇಟ್ಟುಕೊಳ್ಳಿ. ಕೌಂಟರಿನಲ್ಲಿ ಕೊಟ್ಟ ಕೂಡಲೇ ಬ್ಲಾಕಿನ ಮೇಲಿನ ನಂಬರು ರಿಪೋರ್ಟಿನ ನಂಬರಿಗೆ ಕೂಡುತ್ತದೋ ಇಲ್ಲವೋ ಅಲ್ಲೇ ನಿಂತು ನೋಡಿ, ಎಷ್ಟು ಬ್ಲಾಕು ಎಷ್ಟು ಸ್ಲೈಡು ಎಂದು ಬರೆಸಿಕೊಂಡು ಹೊರಬನ್ನಿ.